ಎಂಟು ಕಥೆಗಳ ಪುಸ್ತಕ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 1989ರ ಒಂದು ಭಾನುವಾರ ಏಳು ರೂಪಾಯಿಗೆ ಸಿಕ್ಕ ಆ ಪುಸ್ತಕಕ್ಕೆ ಹಿಂದಿನ ರಟ್ಟು ಇರಲಿಲ್ಲ. ರಟ್ಟಿನ ಜೊತೆಗೆ ಕೊನೆಯ ಕಥೆಯೂ ಹೋಗಿತ್ತು. ಪರಿವಿಡಿಯಲ್ಲಿ ಒಂಬತ್ತು ಹೆಸರು, ಒಳಗೆ ಎಂಟೇ ಕಥೆ. ವ್ಯಾಪಾರಿ ಹತ್ತು ರೂಪಾಯಿ ಹೇಳಿದ್ದ. ಹುಡುಗ ಕಿತ್ತುಹೋದ ಬೆನ್ನು ತೋರಿಸಿ ಮೂರು ರೂಪಾಯಿ ಇಳಿಸಿಕೊಂಡ. ಒಂದು ಕಥೆಗೆ ಮೂರು ರೂಪಾಯಿ ಕಮ್ಮಿ ಅಂದರೆ ಲಾಭವೇ ಎಂದುಕೊಂಡು ಶಿವಾಜಿನಗರಕ್ಕೆ ನಡೆದು, ಬಿಟಿಎಸ್ ಬಸ್ಸು ಹಿಡಿದು ಜಕ್ಕೂರಿಗೆ ಬಂದ.

ಆ ಹುಡುಗ ಈಗ ಐವತ್ತು ದಾಟಿದ್ದಾನೆ, ಈ ಸಾಲುಗಳನ್ನು ಬರೆಯುತ್ತಿದ್ದಾನೆ. ಆದರೂ ಅವನನ್ನು ತುಸು ದೂರ ನಿಲ್ಲಿಸಿಕೊಂಡು ನೋಡುವುದೇ ಅನುಕೂಲ.

ಪುಸ್ತಕ ಐಸಾಕ್ ಅಸಿಮೋವ್‌ನ 'ಐ, ರೋಬಾಟ್'. ಮೊದಲು ಅಚ್ಚಾದದ್ದು 1950ರಲ್ಲಿ, ಅಮೆರಿಕದ ನೋಮ್ ಪ್ರೆಸ್ ಎಂಬ ಸಣ್ಣ ಪ್ರಕಾಶನದಿಂದ. ಹುಡುಗನ ಕೈಗೆ ಬಂದದ್ದು ಇಂಗ್ಲೆಂಡಿನ ಪ್ಯಾಂಥರ್‌ನವರ ಪೇಪರ್‌ಬ್ಯಾಕ್. ಕಥೆಗಳೆಲ್ಲ ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಅಗ್ಗದ ಮಾಸಪತ್ರಿಕೆಗಳಲ್ಲಿ ಬಂದಂಥವು. ಮೊದಲನೆಯದನ್ನು ಬರೆದಾಗ ಅಸಿಮೋವ್‌ಗೆ 19 ವರ್ಷ. ಅಪ್ಪನ ಮಿಠಾಯಿ ಅಂಗಡಿಯಲ್ಲಿ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದ. ಸಂಕಲನಕ್ಕೆ ಅವನು 'ಮೈಂಡ್ ಅಂಡ್ ಐರನ್' ಎಂದು ಹೆಸರಿಡಬೇಕೆಂದಿದ್ದ. ಇನ್ನೊಬ್ಬರ ಕಥೆಗೆ ಆಗಲೇ ಇದ್ದ 'ಐ, ರೋಬಾಟ್' ಎಂಬ ಹೆಸರನ್ನು, ಲೇಖಕ ಬೇಡವೆಂದರೂ ಕೇಳದೆ, ಪ್ರಕಾಶಕ ಅಂಟಿಸಿದ. ಪುಸ್ತಕದ ಬಗೆಗಿನ ಭಿನ್ನಾಭಿಪ್ರಾಯ ಹೀಗೆ ರಟ್ಟಿನಿಂದಲೇ ಶುರು.

ಆಗಿನ ಜಕ್ಕೂರು ಬಳ್ಳಾರಿ ರಸ್ತೆಯಿಂದ ಒಳಕ್ಕೆ ಸರಿದು ಕೂತ ಹಳ್ಳಿ. ಒಂದು ಕಡೆ ಕೆರೆ, ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ. ರಸ್ತೆಯ ಆ ಬದಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಈ ಬದಿಗೆ, ಮೈಸೂರು ಸರ್ಕಾರದ ಕಾಲದಲ್ಲಿ ಶುರುವಾದ ವಿಮಾನ ತರಬೇತಿ ಶಾಲೆ ಮತ್ತು ಅದರ ಏರೋಡ್ರೋಮು. ಹುಡುಗನ ಅಪ್ಪ ಅಲ್ಲಿ ಮೆಕ್ಯಾನಿಕ್ಕು. ಆ ವರ್ಷವೇ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿ, ಸಿ.ಎನ್.ಆರ್. ರಾವ್ ಅದರ ಅಧ್ಯಕ್ಷರಾದರು. ಅದು ಜಕ್ಕೂರಿನಲ್ಲಿ ನೆಲೆಯೂರಿದ ಮೇಲೆ ಊರಿನವರು ಆ ಉದ್ದದ ಹೆಸರನ್ನು ಮೊಟಕು ಮಾಡಿ 'ನೆಹರು ಸೆಂಟರ್' ಅಂದರು.

ಹುಡುಗನ ಇಂಗ್ಲಿಷು ಅಷ್ಟಕ್ಕಷ್ಟೆ. ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದೊಂದು ಕಥೆಗೆ ಒಂದೊಂದು ವಾರ ತೆಗೆದುಕೊಂಡ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಹಾಗಾಗಿ ಜಕ್ಕೂರಿನ ಆ ಓಣಿಯಲ್ಲಿ ಅಸಿಮೋವ್‌ನನ್ನು 'ಓದಿದವರು' ಅನೇಕರು. ಪುಟ ತೆರೆದವನು ಒಬ್ಬನೇ.

ಮೊದಲ ಕಥೆ 'ರಾಬಿ' ಹೇಳಿದ್ದು ಅಮ್ಮನಿಗೆ, ಅವರೆಕಾಯಿ ಬಿಡಿಸುತ್ತ. ಗ್ಲೋರಿಯಾ ಎಂಬ ಎಂಟು ವರ್ಷದ ಮಗು. ಅದನ್ನು ಆಡಿಸಲು ಮಾತು ಬಾರದ ರೋಬಾಟು. ತಾಯಿಗೆ ಅದು ಸರಿಬೀಳುವುದಿಲ್ಲ. ಯಂತ್ರವನ್ನು ಕಳಿಸಿ ನಾಯಿ ತರಿಸುತ್ತಾಳೆ. ಮಗು ಕೊರಗುತ್ತದೆ. ಕೊನೆಗೆ ಕಾರ್ಖಾನೆಯೊಂದರಲ್ಲಿ ಟ್ರ್ಯಾಕ್ಟರಿಗೆ ಸಿಕ್ಕಬೇಕಿದ್ದ ಮಗುವನ್ನು ಅದೇ ರಾಬಿ ಎತ್ತಿಕೊಂಡು ಪಾರುಮಾಡುತ್ತದೆ. ಓದಿದವರೆಲ್ಲ ರಾಬಿಯ ಪಕ್ಷ. ಅಮ್ಮ ಮಾತ್ರ ಅವರೆಕಾಯಿಯಿಂದ ತಲೆಯೆತ್ತದೆ ಕೇಳಿದಳು: "ಅವ್ಳು ಹೇಳಿದ್ದ್ರಾಗೆ ತಪ್ಪೇನೈತೆ? ಮಗೀನ ಎತ್ಕೊಳ್ಳೋಕೆ ಮನೇಲಿ ಯಾರೂ ಇರ್ಲಿಲ್ವಾ?" ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವಾಗ ತನ್ನ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೋದವಳು ಅವಳು. ಯಂತ್ರ ಎಷ್ಟು ಒಳ್ಳೆಯದೆಂಬುದು ಅವಳ ಪ್ರಶ್ನೆಯೇ ಅಲ್ಲ. ಈ ಸಂಕಲನದ ಓದುಗರಲ್ಲಿ ಗ್ಲೋರಿಯಾಳ ತಾಯಿಯ ಪರವಾಗಿ ನಿಂತ ಇನ್ನೊಬ್ಬರನ್ನು ಅವನು ಈವರೆಗೆ ಕಂಡಿಲ್ಲ. ಅಸಿಮೋವ್ ಕೂಡ ನಿಲ್ಲಲಿಲ್ಲ. ಆ ತಾಯಿಯನ್ನು ಬರಿ ಕಿರಿಕಿರಿಯ ಹೆಂಗಸಾಗಿ ಬರೆದುಬಿಟ್ಟ.

ಅಪ್ಪನದು ಎರಡನೆಯ ಕಥೆ.

'ರನ್‌ಅರೌಂಡ್' ಎಂಬ ಅದು 1942ರ ಮಾರ್ಚ್‌ನಲ್ಲಿ ಪತ್ರಿಕೆಯಲ್ಲಿ ಬಂದದ್ದು. ರೋಬಾಟುಗಳ ಮೂರು ನಿಯಮಗಳು ಮೊದಲ ಸಲ ಪೂರ್ತಿಯಾಗಿ, ಒಂದರ ಕೆಳಗೊಂದು ಬಂದದ್ದು ಅಲ್ಲೇ. ರೋಬಾಟು ಮನುಷ್ಯನಿಗೆ ಕೇಡು ಮಾಡಬಾರದು, ಸುಮ್ಮನಿದ್ದು ಕೇಡಾಗಲು ಬಿಡಲೂಬಾರದು. ಇದಕ್ಕೆ ಅಡ್ಡಿಬಾರದ ಮಟ್ಟಿಗೆ ಮನುಷ್ಯನ ಮಾತು ಕೇಳಬೇಕು. ಇವೆರಡಕ್ಕೂ ಅಡ್ಡಿಬಾರದ ಮಟ್ಟಿಗೆ ತನ್ನನ್ನು ತಾನು ಉಳಿಸಿಕೊಳ್ಳಬೇಕು. ಈ ನಿಯಮಗಳನ್ನು ರೂಪಿಸಿದವನು ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಬೆಲ್ ಎಂದು ಅಸಿಮೋವ್ ಹೇಳುತ್ತಿದ್ದ. ಇಲ್ಲ, ಅವು ನಿನ್ನ ಕಥೆಗಳಲ್ಲೇ ಇದ್ದವು, ನಾನು ಹೆಕ್ಕಿ ತೋರಿಸಿದೆ ಅಷ್ಟೆ ಎಂದು ಕ್ಯಾಂಬೆಲ್ ಹೇಳುತ್ತಿದ್ದ.

ಕಥೆ ನಡೆಯುವುದು ಬುಧ ಗ್ರಹದಲ್ಲಿ, 2015ರಲ್ಲಿ. ಸೆಲೆನಿಯಮ್ ತರಲು ಕಳಿಸಿದ ಸ್ಪೀಡಿ ಎಂಬ ರೋಬಾಟು ಹೊಂಡದ ಸುತ್ತ ಗಿರಕಿ ಹೊಡೆಯುತ್ತ, ಕುಡಿದವನಂತೆ ಹಾಡು ಹೇಳುತ್ತ ನಿಂತುಬಿಟ್ಟಿದೆ. ಅಪ್ಪನಿಗೆ ಇದನ್ನು ರಾತ್ರಿ ಊಟದ ಹೊತ್ತಿಗೆ ಅರ್ಧ ಹೇಳಿ ನಿಲ್ಲಿಸಿದ್ದ. ಅಪ್ಪ ಮುದ್ದೆ ಮುರಿಯುವುದನ್ನೇ ಬಿಟ್ಟ. "ತಡಿ, ಹೇಳ್ಬೇಡ. ದುಬಾರಿ ಮಿಷಿನ್ನು ಅಂದೆ ಅಲ್ವಾ? ಹಂಗಾರೆ ಅದ್ಕೆ ಜೀವದ ಮ್ಯಾಲೆ ಆಸೆ ಜಾಸ್ತಿ ಮಡಗಿರ್ತಾರೆ. ತತ್ತಾ ಅಂತ ಹೇಳ್ದೋನು ಗಟ್ಟಿಯಾಗಿ ಹೇಳಿಲ್ಲ. ಮುಂದಕ್ಕೂ ಹೋಗಂಗಿಲ್ಲ, ಹಿಂದಕ್ಕೂ ಬರಂಗಿಲ್ಲ. ಅದ್ಕೇ ಸುತ್ತುತಾ ಐತೆ." ಪುಸ್ತಕದ ಇಬ್ಬರು ಎಂಜಿನಿಯರುಗಳಾದ ಪೊವೆಲ್, ಡೊನೊವನ್‌ಗೆ ಅದು ಹೊಳೆಯಲು ಎಷ್ಟೋ ಪುಟ ಬೇಕಾಗಿತ್ತು.

ಕಸುಬಿನಿಂದ ಬಂದ ಅಪ್ಪನ ಅಭ್ಯಾಸವೇ ಹಾಗಿತ್ತು. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಎಂಬ ಎರಡು ಸೀಟಿನ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಹುಡುಗರಿಗೆಲ್ಲ ಹಾರಲು ಕಲಿಸಿತು. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್ನು. ಅಂಥ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎರಡಿರುತ್ತವೆ. ಹಾರುವ ಮುಂಚೆ ಒಂದನ್ನು ಆರಿಸಿ ಇನ್ನೊಂದರ ಮೇಲೆ ಓಡಿಸಿ, ಸುತ್ತು ಎಷ್ಟು ಇಳಿಯಿತೆಂದು ನೋಡುತ್ತಾರೆ. ಆಮೇಲೆ ಅದನ್ನು ಆರಿಸಿ ಇದನ್ನು. ಒಂದೊಂದನ್ನೇ ಬೇರೆ ಮಾಡಿ ನೋಡಿದರೆ ತಪ್ಪು ತಾನೇ ಬಾಯಿಬಿಡುತ್ತದೆ ಎಂಬುದು ಅಪ್ಪನ ಮೂವತ್ತು ವರ್ಷದ ಕಸುಬು. 'ರನ್‌ಅರೌಂಡ್' ಅವನಿಗೆ ಕಥೆಯಾಗಿ ಕೇಳಿಸಲೇ ಇಲ್ಲ, ಪಕ್ಕದ ಶೆಡ್ಡಿನ ಸಮಾಚಾರವಾಗಿ ಕೇಳಿಸಿತು. ಮರುದಿನ ತಾನೇ ಪುಸ್ತಕ ತೆಗೆದು, ಇಂಗ್ಲಿಷ್ ಕೈಪಿಡಿಗಳನ್ನು ಓದುವ ನಿಧಾನದಲ್ಲಿ ಬೆರಳಿಟ್ಟು ಓದಿದ. ಆ ಪುಟದ ಅಂಚಿನಲ್ಲಿ ಹೆಬ್ಬೆರಳಿನ ಗ್ರೀಸಿನ ಗುರುತು ಉಳಿಯಿತು. ತಕರಾರು ಒಂದೇ: "ನಿಲ್ಸೋ ಸ್ವಿಚ್ಚೇ ಇಲ್ದೆ ಯಾವನಾದ್ರೂ ಮಿಷಿನ್ ಆಚೆ ಬಿಡ್ತಾನಾ?"

ಮೂರನೆಯ ಕಥೆ 'ರೀಸನ್'ನಲ್ಲಿ ಕ್ಯೂಟಿ ಎಂಬ ರೋಬಾಟು, ಈ ಮೆತ್ತನೆ ಮೈಯ ಮನುಷ್ಯರು ತನ್ನನ್ನು ಮಾಡಿರಲು ಸಾಧ್ಯವೇ ಇಲ್ಲವೆಂದು ತರ್ಕಿಸಿ, ವಿದ್ಯುತ್ ಯಂತ್ರವೊಂದನ್ನೇ ದೇವರೆಂದು ಪೂಜಿಸತೊಡಗುತ್ತದೆ. ಆದರೆ ಬಾಹ್ಯಾಕಾಶದಿಂದ ಭೂಮಿಗೆ ಶಕ್ತಿ ಕಳಿಸುವ ಕೆಲಸವನ್ನು ಮನುಷ್ಯರಿಗಿಂತ ಚೆನ್ನಾಗಿ ಮಾಡುತ್ತದೆ. "ಕೆಲ್ಸ ಸರಿಯಾಗಿ ಮಾಡ್ತಾನಲ್ಲ, ಏನ್ ಬೇಕಾರೂ ನಂಬ್ಕಳ್ಲಿ ಬಿಡು" ಅಂದ ಅಪ್ಪ. ಕಥೆಯ ಪೊವೆಲ್ ಕೊನೆಗೆ ಬರುವುದೂ ಅದೇ ತೀರ್ಮಾನಕ್ಕೆ.

ಜಗಲಿಯ ಮೇಲೆ ತಾತ ಇದ್ದ. ಊರ ನಾಟಕದಲ್ಲಿ ಒಂದು ಕಾಲಕ್ಕೆ ಹಿರಣ್ಯಕಶಿಪುವಿನ ಪಾರ್ಟು ಮಾಡಿದವನು. ಮೂರು ನಿಯಮ ಕೇಳಿಸಿಕೊಂಡು ನಕ್ಕ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ ಎಂದು ಎಷ್ಟು ಬಿಗಿಯಾಗಿ ವರ ಕೇಳಿಕೊಂಡರೂ ಹೊಸ್ತಿಲೊಂದು ಉಳಿದುಹೋಯಿತಲ್ಲ, ಅಲ್ಲೇ ನರಸಿಂಹ ಅವನನ್ನು ಕೊಂದ. "ನಿನ್ ಪುಸ್ತಕದ ಸಾಹೇಬ ಹೊಸ್ತಿಲು ಹುಡುಕ್ತಾ ಕುಂತವ್ನೆ" ಅಂದ. ಅಸಿಮೋವ್‌ನ ಒಂಬತ್ತು ಕಥೆಗಳ ಯಂತ್ರಾಂಗವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ವಿಮರ್ಶಕರಿದ್ದರೆ ಅವರನ್ನು ಹುಡುಗ ಈವರೆಗೆ ಓದಿಲ್ಲ.

ಭಾಷಾಂತರದ ಕಷ್ಟ ಬಂದದ್ದು 'ಲಿಟ್ಲ್ ಲಾಸ್ಟ್ ರೋಬಾಟ್'ನಲ್ಲಿ. ಸಿಟ್ಟಿಗೆದ್ದ ಕೆಲಸಗಾರನೊಬ್ಬ ರೋಬಾಟಿಗೆ 'ಕಣ್ಮುಂದೆ ನಿಲ್ಲಬೇಡ, ತೊಲಗು' ಎಂಬರ್ಥದಲ್ಲಿ ಬೈಯುತ್ತಾನೆ. ರೋಬಾಟು ಅಪ್ಪಣೆಯೆಂದು ಪಾಲಿಸಿ, ಅಚ್ಚು ತನ್ನಂತೆಯೇ ಇರುವ ಇನ್ನೂ 62 ರೋಬಾಟುಗಳ ನಡುವೆ ಸೇರಿಕೊಂಡು ಮಾಯವಾಗುತ್ತದೆ. ಹುಡುಗ ಅದನ್ನು "ಹಾಳಾಗಿ ಹೋಗು" ಎಂದು ಕನ್ನಡಿಸಿದ. ಆ ಮಾತು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದುದರಿಂದ ಕಥೆಗೆ ಒಳ್ಳೆ ನಗು ಸಿಕ್ಕಿತು.

ಇವೆಲ್ಲ ನಗುವಿನಲ್ಲಿ ಮುಗಿದ ಅಭಿಪ್ರಾಯಗಳು. ಮುಗಿಯದೆ ಉಳಿದದ್ದು ಕನ್ನಡ ಮೇಷ್ಟರದು.

ಅವರು ಕನಕಪುರದ ಕಡೆಯವರು, ಊರಿನಲ್ಲೇ ಬಾಡಿಗೆಗಿದ್ದರು. ಹುಡುಗ ಪುಸ್ತಕ ತೋರಿಸಿದಾಗ ಮೊದಲು ಕೇಳಿದ್ದು ಪದದ ಬಗ್ಗೆ. 'ಯಂತ್ರಮಾನವ' ಅಂತೀವಲ್ಲ, ಮಾನವ ಎಲ್ಲಿಂದ ಬಂದ? ರೋಬಾಟ್ ಅಂದರೇನು? ಡಿಕ್ಷನರಿ ತೆಗೆದು ಇಬ್ಬರೂ ನೋಡಿದರು. ಚೆಕ್ ನಾಟಕಕಾರ ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದದ್ದು. ಮೂಲದ 'ರೊಬೋಟ' ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಿಟ್ಟಿ ಚಾಕರಿ! ಇದಕ್ಕೆ ನಮ್ಮಲ್ಲಿ ಸಾವಿರ ವರ್ಷದ ಪದ ಇದೆಯಲ್ಲಪ್ಪ. ಯಂತ್ರಮಾನವ ಅಂತ ಯಾಕೆ ಪೇಚಾಡಬೇಕು?"

ಆಮೇಲೆ ಅವರು ಕಥೆಗಳನ್ನು ಕೇಳಿಸಿಕೊಂಡ ರೀತಿಯೇ ಬೇರೆಯಾಯಿತು. ಮೂರು ನಿಯಮಗಳನ್ನು ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ ಬರೆಸಿದರು. ಒಡೆಯನ ಮೈಮೇಲೆ ಕೈಮಾಡಬೇಡ. ಒಡೆಯ ಹೇಳಿದ್ದು ಮಾಡು. ನಿನ್ನ ಮೈ ಕೆಡಿಸಿಕೊಳ್ಳಬೇಡ, ಯಾಕೆಂದರೆ ಅದೂ ಒಡೆಯನ ಆಸ್ತಿಯೇ. "ಇದು ವಿಜ್ಞಾನ ಅಲ್ಲ ಕಣಯ್ಯ, ಜೀತದ ಪತ್ರ. ನಮ್ಮ ತಾತ ಹೆಬ್ಬೆಟ್ಟು ಒತ್ತಿದ್ದು ಇಂಥದಕ್ಕೇ." ಅವರ ತಾತ ನಿಜವಾಗಿ ಜೀತಕ್ಕಿದ್ದವರು. ಜೀತವನ್ನು ರದ್ದುಮಾಡಿದ ಸುಗ್ರೀವಾಜ್ಞೆ 1975ರದು, ಕಾಯಿದೆ 1976ರದು. ಹುಡುಗನಿಗೆ ಅದು ಸಮಾಜ ಪಾಠದ ಇಸವಿ. ಮೇಷ್ಟರಿಗೆ ತಾವು ಓದು ಮುಗಿಸಿ ಕೆಲಸಕ್ಕೆ ಸೇರಿದ ಆಸುಪಾಸು.

ಹುಡುಗ ವಾದ ಮಾಡಿದ. ರೋಬಾಟು ಕಬ್ಬಿಣ ಸಾರ್, ನೋವಾಗಲ್ಲ. ಮೇಷ್ಟರು ಪುಸ್ತಕವನ್ನು ಒಂದು ವಾರ ಇಟ್ಟುಕೊಂಡರು. ಹಿಂದಿರುಗಿಸುವಾಗ ಎರಡನೆಯ ಕಥೆಯ ಒಂದು ಕಡೆ ಪೆನ್ಸಿಲ್ ಗೆರೆ ಇತ್ತು. ಹಳೆಯ ಮಾದರಿಯ ರೋಬಾಟುಗಳು ಮಾತೆತ್ತಿದರೆ 'ಒಡೆಯಾ' ಅನ್ನುತ್ತವೆ; ಜನ ಹೆದರದಿರಲೆಂದು ಕಂಪನಿಯವರು ಅವುಗಳ ತಲೆಯಲ್ಲಿ ಗುಲಾಮಬುದ್ಧಿ ತುಂಬಿ ಕಳಿಸಿದ್ದರೆಂದು ಕಥೆಯ ಪಾತ್ರವೇ ಒಪ್ಪಿಕೊಳ್ಳುವ ಜಾಗ ಅದು. ಹುಡುಗ ಆ ಸಾಲನ್ನು ನಗುತ್ತ ದಾಟಿಹೋಗಿದ್ದ. ಸ್ಪೀಡಿ ಗಿರಕಿ ಹೊಡೆದ ಕಾರಣಕ್ಕೂ ಮೇಷ್ಟರ ಬಳಿ ಬೇರೆ ಅರ್ಥವಿತ್ತು. ಕೆಲಸ ಮಾಡಿದರೂ ಸಾವು, ಮಾಡದಿದ್ದರೂ ತಪ್ಪು ಅಂತಾದಾಗ ಆಳು ಕುಡಿದು ಹಾಡು ಹೇಳ್ತಾನಪ್ಪ, ಅದರಲ್ಲಿ ಒಗಟೇನಿದೆ?

ಅಪ್ಪ ಒಗಟು ಬಿಡಿಸಿದ್ದ ಕಥೆ. ಅದೇ ಪುಟ. ಗ್ರೀಸಿನ ಗುರುತಿನಿಂದ ಎರಡು ಬೆರಳು ಕೆಳಗೆ ಪೆನ್ಸಿಲ್ ಗೆರೆ.

ಇಬ್ಬರನ್ನೂ ಒಮ್ಮೆ ಎದುರುಬದುರು ಕೂರಿಸಿದ್ದುಂಟು, ಕೆರೆ ಏರಿಯ ಮೇಲಿನ ಕಟ್ಟೆಯಲ್ಲಿ. ಮೆಷಿನ್ನಿಗೆ ನೋವಿಲ್ಲ ಮೇಷ್ಟ್ರೇ ಅಂದ ಅಪ್ಪ. ನೋವಿಲ್ಲದ ಆಳು ಬೇಕು ಅನ್ನೋ ಆಸೆ ಇದೆಯಲ್ಲ, ನಾನು ಹೇಳ್ತಿರೋದು ಅದರ ಮಾತು ಅಂದರು ಮೇಷ್ಟರು. ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ, ಕಳೆದುಹೋದ ಒಂಬತ್ತನೆಯ ಕಥೆಯಲ್ಲಿ ಏನೋ ದೊಡ್ಡದು ನಡೆದಿರಬೇಕು ಎಂಬುದಕ್ಕೆ. ಹೆಸರು ಮಾತ್ರ ಇತ್ತು: 'ದಿ ಎವಿಟೆಬಲ್ ಕಾನ್‌ಫ್ಲಿಕ್ಟ್'. ಇನ್‌ಎವಿಟೆಬಲ್ ಗೊತ್ತು, ಎವಿಟೆಬಲ್ ಅಂದರೇನು? ತಪ್ಪಿಸಬಹುದಾದ ಜಗಳ. ಮೇಷ್ಟರ ಊಹೆ, ಆಳುಗಳು ತಿರುಗಿಬೀಳುತ್ತಾರೆ. ಅಪ್ಪನ ಊಹೆ, ಯಾವುದೋ ದೊಡ್ಡ ಮೆಷಿನ್ನು ಕೆಟ್ಟು ನಿಲ್ಲುತ್ತದೆ, ರೋಬಾಟುಗಳ ಮನಸ್ಸು ಬಲ್ಲ ಕ್ಯಾಲ್ವಿನ್ ಅಮ್ಮ ಬಂದು ರಿಪೇರಿ ಮಾಡುತ್ತಾಳೆ.

ಆ ದಿನಗಳಲ್ಲಿ ರೋಬಾಟಿಗೆ ಬರವಿರಲಿಲ್ಲ. ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಬಂದುಹೋಗಿತ್ತು, ಜಪಾನಿನ 'ಜೈಂಟ್ ರೋಬೋ' ಬಂದುಹೋಗಿತ್ತು. ಮೆಜೆಸ್ಟಿಕ್ಕಿನ ಹತ್ತಿರ ನವಕರ್ನಾಟಕದ ಮಳಿಗೆಯಲ್ಲಿ ಸೋವಿಯತ್ ವಿಜ್ಞಾನದ ಪುಸ್ತಕಗಳು ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು. ಧಾರವಾಡದಿಂದ ರಾಜಶೇಖರ ಭೂಸನೂರಮಠರು ಕನ್ನಡದಲ್ಲೇ ವೈಜ್ಞಾನಿಕ ಕಥೆ ಬರೆಯುತ್ತಿದ್ದರು. ಇನ್ನೊಂದು ಸಂಗತಿ ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಜಕ್ಕೂರಿನಿಂದ ಸೈಕಲ್ ತುಳಿದು ಹೋಗಬಹುದಾದ ಜಾಲಹಳ್ಳಿಯ ಬಿಇಎಲ್‌ನಲ್ಲಿ ಎಸ್. ರಂಗರಾಜನ್ ಎಂಬ ಎಂಜಿನಿಯರ್ ಇದ್ದರು. ಮತಯಂತ್ರ ರೂಪಿಸಿದ ತಂಡದಲ್ಲಿದ್ದವರು. ತಮಿಳಿಗರಿಗೆ ಅವರು 'ಸುಜಾತ'. ಜೀನೋ ಎಂಬ ಯಂತ್ರನಾಯಿಯ ಕಾದಂಬರಿಯನ್ನು ತಮಿಳುನಾಡಿನ ಮನೆಮನೆಯಲ್ಲಿ ಓದಿಸಿದ್ದ ಮನುಷ್ಯ. ಅವರೂ ಸಂಭಾಷಣೆಗೆ ಕೈಜೋಡಿಸಿದ್ದ ರಜನಿಕಾಂತರ ರೋಬಾಟ್ ಸಿನಿಮಾ 'ಎಂದಿರನ್' 2010ರಲ್ಲಿ ತೆರೆಗೆ ಬರುವಾಗ ಸುಜಾತ ಇರಲಿಲ್ಲ, 2008ರಲ್ಲೇ ತೀರಿಕೊಂಡಿದ್ದರು. ಉಪೇಂದ್ರ ಅದಕ್ಕೂ ಮೊದಲೇ, 2002ರ 'ಹಾಲಿವುಡ್'ನಲ್ಲಿ, ರೋಬಾಟಾಗಿ ಕಾಣಿಸಿಕೊಂಡಾಗಿತ್ತು ಎಂಬುದನ್ನು ಗಾಂಧಿನಗರದ ಅಭಿಮಾನಿಗಳ ಪರವಾಗಿ ಇಲ್ಲಿ ದಾಖಲಿಸಬೇಕು.

ತೊಂಬತ್ತರ ದಶಕದ ಕೊನೆಗೆ ಜಕ್ಕೂರಿನ ಮನೆಗಳ ಮೇಲೆ ಒಂದೊಂದು ರೂಮು ಎದ್ದಿತು. ಅವರ ಮನೆಯ ಮೇಲಿನ ರೂಮಿಗೆ ಶಿವಮೊಗ್ಗದ ಕಡೆಯ ಸಂಶೋಧನಾ ವಿದ್ಯಾರ್ಥಿನಿ ಬಂದಳು. ನೆಹರು ಸೆಂಟರಿನಲ್ಲಿ ರಸಾಯನ ವಿಜ್ಞಾನ. ಪುಸ್ತಕ ಎರಡು ರಾತ್ರಿಯಲ್ಲಿ ಓದಿ ಮುಗಿಸಿದಳು. ಮೊದಲ ಏಟು ಬಿದ್ದದ್ದು ರೋಬಾಟುಗಳ 'ಪಾಸಿಟ್ರಾನಿಕ್' ಮಿದುಳಿಗೆ. ಪಾಸಿಟ್ರಾನ್ ಕಂಡುಹಿಡಿದದ್ದು 1932ರಲ್ಲಿ, ಎಲೆಕ್ಟ್ರಾನ್ ತಾಗಿದರೆ ಎರಡೂ ಮಾಯ. ಅದರಿಂದ ಮಿದುಳು ಕಟ್ಟೋದು ಕರ್ಪೂರದಲ್ಲಿ ಒಲೆ ಕಟ್ಟಿದ ಹಾಗೆ ಅಂದಳು. ಹೊಸ ಪದ, ಕೇಳಲು ಚೆನ್ನಾಗಿತ್ತು, ಅಸಿಮೋವ್ ಹಾಕಿಕೊಂಡ. ಅವನು ತಾನೇ ರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಾಸ್ಟನ್‌ನಲ್ಲಿ ಪಾಠ ಮಾಡುತ್ತಿದ್ದವನು, ಅವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಥೆಗೆ ಬೇಕಿರಲಿಲ್ಲ ಅಷ್ಟೆ.

ನಿಜವಾದ ಸಿಟ್ಟು ಸೂಸನ್ ಕ್ಯಾಲ್ವಿನ್ ಬಗ್ಗೆ. ಪುಸ್ತಕದುದ್ದಕ್ಕೂ ಬರುವ ರೋಬಾಟುಗಳ ಮನಶ್ಶಾಸ್ತ್ರಜ್ಞೆ ಅವಳು. ಎಲ್ಲ ಗಂಡಸರಿಗಿಂತ ಬುದ್ಧಿವಂತೆ. ಆದರೆ ಅವಳ ಹೆಸರೆತ್ತಿದಾಗೆಲ್ಲ ತಣ್ಣಗೆ, ಚಂದವಿಲ್ಲ, ತುಟಿ ಬಿಗಿ ಎಂಬ ಮಾತು ಹಿಂಬಾಲಿಸುತ್ತದೆ. 'ಲಯರ್!' ಕಥೆಯಲ್ಲಿ ಮನಸ್ಸು ಓದಬಲ್ಲ ಹರ್ಬಿ ಎಂಬ ರೋಬಾಟು ಯಾರಿಗೂ ನೋವಾಗಬಾರದೆಂದು ಎಲ್ಲರಿಗೂ ಹಿತವಾದ ಸುಳ್ಳು ಹೇಳುತ್ತದೆ; ಸಹೋದ್ಯೋಗಿಯೊಬ್ಬ ನಿನ್ನನ್ನು ಪ್ರೀತಿಸುತ್ತಾನೆ ಎಂದು ಕ್ಯಾಲ್ವಿನ್‌ಗೂ ಹೇಳುತ್ತದೆ. ಅವಳು ನಂಬಿ ತುಟಿಗೆ ಬಣ್ಣ ಹಚ್ಚಿಕೊಂಡು ಬರುತ್ತಾಳೆ. ಸುಳ್ಳೆಂದು ತಿಳಿದಾಗ ಹರ್ಬಿಯನ್ನು ಬಿಡಿಸಲಾಗದ ಇಕ್ಕಟ್ಟಿಗೆ ಸಿಕ್ಕಿಸಿ ಹುಚ್ಚುಹಿಡಿಸುತ್ತಾಳೆ. "ಲ್ಯಾಬಿನಲ್ಲಿರೋ ಹೆಂಗಸಿಗೆ ಇನ್ನೇನೂ ಕಥೆ ಇರಲ್ವಾ?" ಎಂದು ಕೇಳಿದಳು ಆಕೆ. ಕಮಲಾ ಸೊಹೊನಿ 1933ರಲ್ಲಿ ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಒಪ್ಪಿರಲಿಲ್ಲ, ಆಕೆ ಹಠ ಹಿಡಿದು, ಷರತ್ತುಗಳ ಮೇಲೆ ಸೇರಿ, ಕೆಲಸ ಮಾಡಿ ತೋರಿಸಿದರು. ಅದಲ್ವಾ ಕಥೆ ಎಂಬುದು ಅವಳ ವಾದ.

ವಿಚಿತ್ರವೆಂದರೆ ಕೆಲವು ತಿಂಗಳ ಮೇಲೆ ಅದೇ ರೂಮಿಗೆ ಬರುತ್ತಿದ್ದ ಅವಳ ಗೆಳತಿಗೆ ಕ್ಯಾಲ್ವಿನ್ ಬಹಳ ಹಿಡಿಸಿದಳು. "ಯಾರಿಗೂ ಇಷ್ಟ ಆಗ್ಬೇಕು ಅನ್ನೋ ಗರಜೇ ಇಲ್ಲ ನೋಡು ಅವಳಿಗೆ!" ಎಂದಳಂತೆ. ಇಬ್ಬರಿಗೂ ಸುಳ್ಳಿನ ಪ್ರಶ್ನೆಯ ಮೇಲೆ ಜಗಳ ಹತ್ತಿ, ಚಹಾ ಕೊಡಲು ಹೋದ ಅಮ್ಮ ನಡುವೆ ಸಿಕ್ಕಿದಳು. ಹರಿಶ್ಚಂದ್ರ ನಿಜ ಹೇಳಿ ಹೆಂಡತಿ ಮಗನನ್ನು ಬೀದಿಗೆ ಹಾಕಿದ; ಹರ್ಬಿ ಯಾರನ್ನೂ ಬೀದಿಗೆ ಹಾಕಬಾರದೆಂದು ಸುಳ್ಳು ಹೇಳಿತು. ಅಮ್ಮ ಹರ್ಬಿಯನ್ನು ಕ್ಷಮಿಸಿದಳು. ಹರಿಶ್ಚಂದ್ರನ ಬಗ್ಗೆ ಏನೂ ಹೇಳದೆ ಲೋಟ ಎತ್ತಿಕೊಂಡು ಬಂದಳು.

ಈ ಸಂಕಲನವನ್ನು ಸಾಹಿತ್ಯವೆನ್ನಬೇಕೇ ಎಂಬ ಜಗಳ ಲೋಕದಲ್ಲೆಲ್ಲ ಇದೆ. ಅವನ ಮಟ್ಟಿಗೆ ಅಸಿಮೋವ್‌ನ ವಾಕ್ಯಗಳು ಸಪ್ಪೆ. ಪೊವೆಲ್ ಯಾರು, ಡೊನೊವನ್ ಯಾರು ಎಂದು ಮಾತಿನಿಂದ ಗುರುತಿಸಲಾಗುವುದಿಲ್ಲ. ಬುಧ ಗ್ರಹಕ್ಕೆ ಹೋ‌ದರೂ ಕಣ್ಣಿಗೆ ಏನೂ ಕಾಣದು, ಇಬ್ಬರು ನಿಂತು ಮಾತಾಡುವುದು ಮಾತ್ರ ಕೇಳುತ್ತದೆ. ಆದರೆ ಕೀಲುಗಳು ಬಲು ಗಟ್ಟಿ. ತೇಜಸ್ವಿಯವರ ಕಥೆಯನ್ನು ಬಾಯಲ್ಲಿ ಹೇಳಿದರೆ ಅರ್ಧ ಸೋರಿಹೋಗುತ್ತದೆ. ಹತ್ತನೇ ಕ್ಲಾಸಿನ ಹುಡುಗ ಅರೆಬರೆ ಇಂಗ್ಲಿಷಿನಲ್ಲಿ ಓದಿ, ಅವರೆಕಾಯಿ ಬಿಡಿಸುತ್ತ ಹೇಳಿದರೂ ಅಸಿಮೋವ್‌ನ ಕಥೆ ಒಂದು ತೊಟ್ಟೂ ಸೋರುವುದಿಲ್ಲ. ಮೆಕ್ಯಾನಿಕ್ಕು, ಮೇಷ್ಟರು, ತಾತ ಎಲ್ಲರೂ ಒಳಗೆ ಬಂದು ಕೂರಲು ಅದರಲ್ಲಿ ಜಾಗವಿದ್ದದ್ದು ಲೇಖಕ ಅಲ್ಲಿ ಹೆಚ್ಚೇನೂ ಸಾಮಾನು ಇಡದಿದ್ದುದರಿಂದಲೇ ಇರಬೇಕು.

ಇಂಥ ಜಗಳಕ್ಕೆ ಹತ್ತಿರದ್ದೇ ಇನ್ನೊಂದು ಉದಾಹರಣೆ ರಸ್ತೆಯ ಆ ಬದಿಗಿತ್ತು. ಜಿಕೆವಿಕೆಯ ಪ್ರಾಧ್ಯಾಪಕ ಕೆ.ಎನ್. ಗಣೇಶಯ್ಯ 'ಶಾಲಭಂಜಿಕೆ'ಯ ಕಥೆಗಳನ್ನೂ 'ಕನಕ ಮುಸುಕು', 'ಕರಿಸಿರಿಯಾನ'ದಂಥ ಕಾದಂಬರಿಗಳನ್ನೂ ಬರೆದಾಗ ಬೆಂಗಳೂರಿನ ಓದುಗರು ಇಬ್ಭಾಗವಾದರು. ವಿಜ್ಞಾನ, ಇತಿಹಾಸ, ಪತ್ತೇದಾರಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ, ಜೊತೆಗೆ ಆಧಾರಗಳನ್ನೂ ಕೊಡುವ ಬರಹ ಅದು. ಆಧಾರವಿದೆ ಎಂದೇ ಓದುವವರು ಕೆಲವರು. ಕಥೆಗೆ ಅಡಿಟಿಪ್ಪಣಿ ಯಾಕೆ ಎಂದು ಮೂಗು ಮುರಿಯುವವರು ಕೆಲವರು. ಕೆಲಸಕ್ಕೆ ಹೋಗುವಾಗ ಪೀಣ್ಯದ ಬಸ್ಸಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಗುಮಾಸ್ತರೊಬ್ಬರು ಅಡಿಟಿಪ್ಪಣಿಯನ್ನೇ ಮೊದಲು ಓದಿ, ಹಿಡಿಸಿದರೆ ಕಥೆಗೆ ಬರುತ್ತಿದ್ದರು.

ವಿಜ್ಞಾನಿ ಕಥೆ ಬರೆದರೆ ಓದುಗ ಕಥೆಯನ್ನು ನೋಡುತ್ತಾನೋ ವಿಜ್ಞಾನಿಯನ್ನು ನೋಡುತ್ತಾನೋ? ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರಿಗೆ ಈ ಅನುಮಾನ ಇತ್ತು. ಮರಾಠಿ ವಿಜ್ಞಾನ ಪರಿಷತ್ತಿನ 1974ರ ಕಥಾಸ್ಪರ್ಧೆಗೆ ಅವರು ಕಪ್ಪುಕುಳಿಯ ಮೇಲಿನ ಕಥೆಯನ್ನು ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರಿನಲ್ಲಿ, ಹೆಂಡತಿಯ ಕೈಬರಹದಲ್ಲಿ ಕಳಿಸಿದರು. ತಮ್ಮ ಇನಿಷಿಯಲ್ಲುಗಳನ್ನೇ ತಿರುಗಿಸಿ ಕಟ್ಟಿದ ಹೆಸರದು. ಮೊದಲ ಬಹುಮಾನ ಜಗತಾಪರಿಗೇ ಬಂತು.

ಪೀಣ್ಯದಲ್ಲಿ ಅವನಿಗೆ ಕೆಲಸ ಸಿಕ್ಕಿದ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿಗೆ ಬೆಸುಗೆ ಹಾಕುವ ರೋಬಾಟೊಂದು ಬಂತು. ಬರಿ ಒಂದು ತೋಳು, ಮುಖವಿಲ್ಲ. ಅಸಿಮೋವ್ ಓದಿಯೇ ರೋಬಾಟಿನ ಹುಚ್ಚು ಹಿಡಿಸಿಕೊಂಡ ಜೋಸೆಫ್ ಎಂಗಲ್‌ಬರ್ಗರ್ ಎಂಬಾತ ಇಂಥದೇ ಮೊದಲ ತೋಳನ್ನು 1961ರಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆಗೆ ಇಳಿಸಿದ್ದ. ಪುಸ್ತಕದ ಬಗ್ಗೆ ಅಭಿಪ್ರಾಯವನ್ನು ಹಾಗೆ ಕಬ್ಬಿಣದಲ್ಲಿ ಬರೆದ ಓದುಗ ಇನ್ನೊಬ್ಬನಿಲ್ಲ. ಪೀಣ್ಯದ ತೋಳಿಗೆ ಮೂರು ನಿಯಮಗಳಿರಲಿಲ್ಲ. ಸುತ್ತ ಹಳದಿ ಜಾಲರಿ, ಅದಕ್ಕೊಂದು ಗೇಟು, ಗೇಟಿಗೊಂದು ಸ್ವಿಚ್ಚು. ಗೇಟು ತೆರೆದರೆ ತೋಳು ನಿಲ್ಲಬೇಕು. ಅದೇ ಮೊದಲ ನಿಯಮ. ದಿನದ ಲೆಕ್ಕ ಹಿಂದೆ ಬಿದ್ದಾಗ ಮೇಲಿನವರೊಬ್ಬರು ಆ ಸ್ವಿಚ್ಚಿಗೆ ಟೇಪು ಸುತ್ತಿಸಿದರು, ಗೇಟು ತೆರೆದೇ ಇದ್ದರೂ ಮುಚ್ಚಿದೆಯೆಂದು ಯಂತ್ರ ನಂಬುವ ಹಾಗೆ. ಅವನು ಮನೆಗೆ ಬಂದು ಹೇಳಿದ. ನಿಲ್ಲಿಸುವ ಸ್ವಿಚ್ಚಿಲ್ಲವೆಂದು ಹಿಂದೆ ತಕರಾರು ತೆಗೆದಿದ್ದ ಅಪ್ಪ ಮಾತಾಡದೆ ಕೂತ. ಮರುದಿನ ಟೇಪು ಕಿತ್ತುಹಾಕಿದ್ದಕ್ಕೆ ಅವನಿಗೊಂದು ಮೆಮೋ ಬಂತು.

ವಿಲ್ ಸ್ಮಿತ್‌ನ 'ಐ, ರೋಬಾಟ್' ಸಿನಿಮಾ 2004ರಲ್ಲಿ ಬಂತು. ಪುಸ್ತಕಕ್ಕೂ ಅದಕ್ಕೂ ಹೆಸರು, ನಿಯಮಗಳು ಮತ್ತು ಕೆಲವು ಪಾತ್ರಗಳ ನಂಟು ಮಾತ್ರ. ಮೂಲ ಚಿತ್ರಕಥೆ ಬೇರೆ ಹೆಸರಿನಲ್ಲಿ ಬರೆದಿಟ್ಟದ್ದು. ಸಿನಿಮಾದ ರೋಬಾಟುಗಳು ಊರಿಗೂರೇ ದಂಗೆಯೇಳುತ್ತವೆ. ನೋಡಿದ್ದರೆ ಮೇಷ್ಟರಿಗೆ ಹಿಡಿಸುತ್ತಿತ್ತೇನೋ. ಸಿನಿಮಾದ ದೆಸೆಯಿಂದ ಪುಸ್ತಕ ಮತ್ತೆ ಅಂಗಡಿಗೆ ಬಂತು. ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ನಿಂತುಕೊಂಡೇ, ಹದಿನೈದು ವರ್ಷ ತಡವಾಗಿ, ಅವನು ಒಂಬತ್ತನೆಯ ಕಥೆ ಓದಿದ.

ದಂಗೆಯಿಲ್ಲ. ಮೆಷಿನ್ನು ಕೆಟ್ಟು ನಿಲ್ಲುವುದೂ ಇಲ್ಲ. ಲೋಕದ ಬೆಳೆ, ಗಿರಣಿ, ಗಣಿ, ಸಂಬಳ ಎಲ್ಲವನ್ನೂ ಲೆಕ್ಕಹಾಕಿ ನಡೆಸುವ ನಾಲ್ಕು ಮಹಾಯಂತ್ರಗಳು. ಅಲ್ಲಲ್ಲಿ ಸಣ್ಣ ತಪ್ಪುಗಳು ಕಾಣುತ್ತವೆ: ಇಲ್ಲಿ ಉಕ್ಕು ಹೆಚ್ಚಾಯಿತು, ಅಲ್ಲೊಂದು ಕಾಲುವೆ ತಡವಾಯಿತು. ಕ್ಯಾಲ್ವಿನ್ ಕೊನೆಗೆ ಗ್ರಹಿಸುವುದು, ಅವು ತಪ್ಪುಗಳೇ ಅಲ್ಲವೆಂದು. ತಮ್ಮನ್ನು ವಿರೋಧಿಸುವವರನ್ನು ಸದ್ದಿಲ್ಲದೆ, ಯಾರಿಗೂ ಹೆಚ್ಚು ನೋವಾಗದಂತೆ, ಜಾಗದಿಂದ ಸರಿಸಲು ಯಂತ್ರಗಳು ಬೇಕೆಂದೇ ಮಾಡಿದ ಎಡವಟ್ಟುಗಳು. ಮನುಷ್ಯಕುಲಕ್ಕೆ ಕೇಡಾಗಬಾರದಲ್ಲ! ಕ್ಯಾಲ್ವಿನ್‌ಗೆ ಅದು ಭಯವಲ್ಲ, ನೆಮ್ಮದಿ. ಅದಾದ ಮೇಲೆ ಅವಳು 82ನೇ ವಯಸ್ಸಿಗೆ ತೀರಿಕೊಂಡಳೆಂಬ ಎರಡು ಸಾಲು. ಜಕ್ಕೂರಿನಲ್ಲಿ ಹದಿನೈದು ವರ್ಷ ಅವಳು ಬದುಕಿಯೇ ಇದ್ದಳು.

ಮೇಷ್ಟರು ಆ ಹೊತ್ತಿಗೆ ನಿವೃತ್ತರಾಗಿ ಊರು ಸೇರಿದ್ದರು. ಅವರಿಗೆ ಕಥೆಯನ್ನು ಕನ್ನಡದಲ್ಲಿ ಬರೆದು ಕಳಿಸಿದ, ನಾಲ್ಕು ಹಾಳೆ. ಉತ್ತರ ಕಾರ್ಡಿನಲ್ಲಿ ಬಂತು: ಆಳು ಒಡೆಯನಾದ, ಜೀತದ ಪತ್ರ ಮಾತ್ರ ಹಾಗೇ ಉಳಿಯಿತು, ಇದು ನಾನು ಎಣಿಸಿದ್ದಕ್ಕಿಂತ ಕೆಟ್ಟ ಕಥೆ ಎಂದು ಬರೆದಿದ್ದರು. ಕೆಟ್ಟದ್ದು ಎಂದರೆ ಬರವಣಿಗೆಯೋ ಸುದ್ದಿಯೋ ಸ್ಪಷ್ಟವಿರಲಿಲ್ಲ. ಅಪ್ಪನಿಗೆ ರಾತ್ರಿ ಊಟದ ಹೊತ್ತಿಗೆ ಬಾಯಲ್ಲೇ ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡ, ಈ ಸಲ ನಡುವೆ ತಡೆಯಲಿಲ್ಲ. "ತಪ್ಪು ತಾನೇ ಮಾಡಿ, ಸರಿ ಐತೆ ಅನ್ನೋ ಮಿಷಿನ್ನು. ಅದನ್ನ ಯಾವ ಶೆಡ್ಡಿಗೆ ತರೋದು?" ಅಂದು ಕೈತೊಳೆಯಲು ಎದ್ದ.

ಕಥೆಯೊಳಗಿನ ಲೆಕ್ಕದಲ್ಲಿ ಸೂಸನ್ ಕ್ಯಾಲ್ವಿನ್ ಕೆಲಸಕ್ಕೆ ಸೇರಿದ್ದು 2008ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು, ಜಕ್ಕೂರಿನ ಮುಂದಿನ ಬಳ್ಳಾರಿ ರಸ್ತೆ ಗುರುತು ಸಿಗದಂತಾಯಿತು. ದ್ರಾಕ್ಷಿ ತೋಟಗಳು ಲೇಔಟುಗಳಾದವು. ತಾತ, ಆಮೇಲೆ ಅಪ್ಪ ಹೋದರು. ಎಂಟು ಕಥೆಗಳ ಹಳೆಯ ಪ್ರತಿಯನ್ನು ಅವನು ಯಾರಿಗೂ ಇಲ್ಲವೆನ್ನದೆ ಕೊಡುತ್ತಿದ್ದ. ಹೊಸ ಪ್ರತಿ ಕಪಾಟಿನಲ್ಲಿದ್ದರೂ ಓದಲು ಕೇಳಿದವರಿಗೆ ಹಳೆಯದೇ. 2011ರ ಸುಮಾರಿಗೆ ಹಾಗೆ ಕೊಟ್ಟದ್ದು ಹಿಂದಿರುಗಲಿಲ್ಲ. ಕೊಂಡುಹೋದವರು ಯಾರೆಂದು ನೆನಪಿಲ್ಲ, ಲೇಔಟಿನ ಕಡೆಯವರು ಎಂಬುದಷ್ಟೇ ಗೊತ್ತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ 'ಐ, ರೋಬಾಟ್'ನ ಹಿಂದಿನ ರಟ್ಟಿಲ್ಲದ ಪ್ಯಾಂಥರ್ ಪ್ರತಿ ಇದ್ದರೆ ಎರಡನೆಯ ಕಥೆಯ ಪುಟಗಳನ್ನು ತಿರುವಿ ನೋಡಿ. ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳು, ಅದರ ಕೆಳಗೆ ಪೆನ್ಸಿಲ್ ಗೆರೆ ಎರಡೂ ಇದ್ದರೆ ಅದು ಜಕ್ಕೂರಿನದು. ದಯವಿಟ್ಟು ಹಿಂದಿರುಗಿಸಿ. ಬದಲಿಗೆ ಒಂಬತ್ತು ಕಥೆಗಳೂ ಇರುವ ಪ್ರತಿಯನ್ನು ಕೊಡಲಾಗುವುದು.